ತೊಂಬತ್ತೆಂಟು ಎಂಬ ಸುಳ್ಳು

ಪ್ರಾಣಿಗಳ ಆಸ್ಪತ್ರೆಯ ಅಂಗಳದಲ್ಲಿ ನಾಯಿಗಳ ಬಟ್ಟಲು ಇನ್ನೂ ಅರ್ಧ ಉಜ್ಜಿದ್ದಷ್ಟೇ. ಒಳಗಿನಿಂದ ಡಾಕ್ಟರಮ್ಮನ ಅಣ್ಣನ ಕೂಗು ದಾದಿಗೆ ಕೇಳಿಸಿತು. "ಈ ಕೊಲೆಗಡುಕನನ್ನ ಈಗಲೇ ಆಚೆ ಕಳಿಸು, ತಂಗಿ!"

ಅಣ್ಣನ ಕಂದು ನಾಯಿ ಏದುಸಿರು ಬಿಡುತ್ತ ಮಲಗಿತ್ತು. ಅದರ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತ್ತು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ. ರಾತ್ರಿ ನಾಯಿಗಳ ಕೋಣೆಯಲ್ಲಿ ಚಳಿಗೆಂದು ಅಗ್ಗಿಷ್ಟಿಕೆ ಹೊತ್ತಿಸಿದವನು ನಾಯಿಗಳನ್ನು ನೋಡಿಕೊಳ್ಳುವ ನಾಯಿಮಾಮ. ನಾಯಿ ತರಬೇತಿ ಶಾಲೆಯ ಕೆಲಸಕ್ಕೆ ಡಾಕ್ಟರಮ್ಮ ಅವನಿಗೆ ಬರೆದ ಶಿಫಾರಸು ಪತ್ರ, ಅಣ್ಣನ ಮುನಿಸಿಗೆ ಹೆದರಿ ಮೂರು ತಿಂಗಳಿಂದ ಡ್ರಾಯರಿನಲ್ಲಿತ್ತು. ಈಗ ಇದ್ದ ಕೆಲಸಕ್ಕೂ ಕುತ್ತು.

"ಕಿಟಕಿ ತೆಗೆದೇ ಇಟ್ಟಿದ್ದೆ, ಅಮ್ಮಾ," ಎಂದ ಅವನು. ದಾದಿಯ ಕಣ್ಣು ಅವನ ಮಸಿ ಮೆತ್ತಿದ ಕೈಯನ್ನು ಬಿಟ್ಟು ಕದಲಲಿಲ್ಲ.

ಮಹಡಿಯಿಂದ ಭೂತಗನ್ನಡಿ ಅಜ್ಜಿ ಇಳಿದು ಬಂದಳು. ನಲವತ್ತು ವರ್ಷ ರಕ್ತ ಪರೀಕ್ಷೆ ಮಾಡಿದವಳು. ನಾಯಿಯ ಬಿಳಚಿ ಹಳದಿಯಾದ ವಸಡು ನೋಡಿದಳು, ಗೋಣಿಯ ಮೇಲಿನ ಕಾಫಿ ಬಣ್ಣದ ಮೂತ್ರ ನೋಡಿದಳು, ಕಿವಿ ಮಡಚಿ ಹಿಂಬದಿ ನೋಡಿದಳು. "ರಾತ್ರಿ ಅದೇ ಕೋಣೆಯಲ್ಲಿ ಪಕ್ಕದಲ್ಲೇ ಮಲಗಿದ್ದ ಕರಿನಾಯಿಯ ರಕ್ತಾನೂ ತೆಗೆಯೇ," ಎಂದಳು ದಾದಿಗೆ.

ಅಣ್ಣ ನಾಯಿಯ ನಾಲಿಗೆಗೆ ಸಿಕ್ಕಿಸಿದ್ದ, ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ತೋರಿಸಿದ. "ಆಮ್ಲಜನಕ ನೂರಕ್ಕೆ ತೊಂಬತ್ತೆಂಟು. ಉಸಿರಿಗೇನೂ ಕೊರತೆ ಇಲ್ಲ, ಬೇರೆ ಕಾಯಿಲೆ ಎಲ್ಲಿಂದ ಬಂತು? ಅಗ್ಗಿಷ್ಟಿಕೆಯ ವಿಷವೇ ಇದು!"

"ಮತ್ತೆ ಏದುಸಿರು ಯಾಕಪ್ಪಾ?" ಎಂದಳು ಅಜ್ಜಿ.

ಕರಿನಾಯಿಯ ರಕ್ತದಲ್ಲಿ ಅನಿಲ ಹುಡುಕಿ, ಕಂದು ನಾಯಿಯ ಒಂದು ಹನಿ ರಕ್ತವನ್ನು ಅವಳು ಗಾಜಿನ ಪಟ್ಟಿಯ ಮೇಲೆ ಹಚ್ಚಿದಳು.

ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ ಅಜ್ಜಿ ಎಲ್ಲರನ್ನೂ ನಾಯಿಯ ಸುತ್ತ ಕೂರಿಸಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ. ಅಗ್ಗಿಷ್ಟಿಕೆಯದೇ ತಪ್ಪಾಗಿದ್ರೆ ಕರಿನಾಯಿಯ ರಕ್ತದಲ್ಲೂ ಅನಿಲ ಇರಬೇಕಿತ್ತು. ಇಲ್ಲ. ಅಂದ್ಮೇಲೆ ಅದು ಹುಟ್ಟಿದ್ದು ಇದರ ಮೈಯೊಳಗೇ. ಕಿವಿಯ ಹಿಂದೆ ಉಣ್ಣೆಹುಳು ಕಚ್ಚಿದೆ. ಅದು ಬಿಟ್ಟ ಪರೋಪಜೀವಿ ರಕ್ತದ ಕೆಂಪು ಕಣಗಳನ್ನ ಒಡೀತಿದೆ, ಈಗ ಕಣ್ಣಾರೆ ಕಂಡೆ. ಒಡೆದ ಕಣದ ಕೆಂಪು ಬಣ್ಣ ಮುರಿಯುವಾಗ ಈ ಅನಿಲ ಚೂರುಪಾರು ಹುಟ್ಟುತ್ತೆ."

"ಹಾಗಾದ್ರೆ ಕ್ಲಿಪ್ಪು?" ಎಂದಳು ದಾದಿ.

"ಕೆಂಪು ಕಣ ಬಸ್ಸು ಅಂದ್ಕೋ. ಆಮ್ಲಜನಕದ ಸೀಟಲ್ಲಿ ಅನಿಲ ಕೂತ್ರೂ ಕ್ಲಿಪ್ಪಿಗೆ ಸೀಟು ತುಂಬಿದ ಹಾಗೇ. ಬಸ್ಸುಗಳೇ ಅರ್ಧ ಮುರಿದುಬಿದ್ದಿವೆ ಅಂತ ಅದಕ್ಕೇನು ಗೊತ್ತು?" ಅಜ್ಜಿ ಗೋಡೆಯ ಕಡೆ ತಿರುಗಿದಳು. "ಹುಳು ಹತ್ತದ ಹಾಗೆ ಕೊರಳಿಗೆ ಕಟ್ಟೋ ಮದ್ದಿನ ಪಟ್ಟಿ ನಿನ್ನ ಕೋಟು ತೂಗುಹಾಕೋ ಮೊಳೆಯಲ್ಲಿ ಯಾಕೆ ನೇತಾಡ್ತಿದೆ, ಮಗಾ?"

ಅಣ್ಣ ತಲೆ ತಗ್ಗಿಸಿದ. "ಮೂರು ವಾರದ ಹಿಂದೆ ಫೋಟೊಗೆ ಅಂತ ಬಿಚ್ಚಿದೆ. ಕಟ್ಟಲಾ ಅಂತ ಇವನು ಕೇಳಿದ. ನನ್ನ ನಾಯಿ ಮುಟ್ಟಬೇಡ ಅಂದೆ."

ಡಾಕ್ಟರಮ್ಮ ಸೂಜಿಮದ್ದು ಚುಚ್ಚಿದಳು. ರಕ್ತ ಕೊಡಲು ಕರಿನಾಯಿಯನ್ನು ಹಿಡಿದು ಕುಳಿತವನು ನಾಯಿಮಾಮನೇ. ಆ ಮಸಿ ಕೈಗಳಿಗೆ ದಾದಿ ಬಿಸಿನೀರು ತಂದಿಟ್ಟಳು. ಸಂಜೆಗೆ ಕಂದು ನಾಯಿ ತಲೆ ಎತ್ತಿತು.

ಡಾಕ್ಟರಮ್ಮ ಡ್ರಾಯರು ಎಳೆದು ಶಿಫಾರಸು ಪತ್ರದ ಲಕೋಟೆ ತೆಗೆದಳು. "ಅಣ್ಣಾ, ಇದನ್ನ ನೀನೇ ಅಂಚೆಗೆ ಹಾಕಿ ಬಾ."

ದಾದಿ ಕಿಟಕಿಯಿಂದ ನೋಡಿದಳು. ಅವನು ಲಕೋಟೆಯನ್ನು ಅಂಚೆಡಬ್ಬದೊಳಗೆ ತೂರಿಸಿ, ಬಿತ್ತೋ ಇಲ್ಲವೋ ಎಂದು ಒಮ್ಮೆ ಬಗ್ಗಿ ಇಣುಕಿದ.