ತೊಗಟೆ ಸುಲಿಯೋನು

ಮಾಲಿಯಾನ್ ಮನೆಯಂಗಳದಲ್ಲಿ ಮಲಗಿಸಿದ್ದ ಸತ್ತ ಮೂಸ್‌ನ ಬಾಯೊಳಗೆ ಕೈ ತೂರಿಸಿದ್ದಳು. ಕೆಳಗೆ ಮುಂದುಗಡೆ ಹಲ್ಲಿನ ಸಾಲು ಸಿಕ್ಕಿತು. ಮೇಲೆ ತಡಕಿದಳು. ಬರೀ ಗಟ್ಟಿ ವಸಡು.

"ಮಾಮ, ಮೇಲೆ ಮುಂದಿನ ಹಲ್ಲೇ ಇಲ್ಲ."

"ಮೂಸ್‌ಗೆ ಇರಲ್ಲ ಕಣೇ. ಕೈ ತೆಗಿ, ಚರ್ಮ ಬಿಡಿಸ್ಬೇಕು," ಅಂದ ಸಬಟಿಸ್ ಮಾಮ.

ಕುದುರೆಗಿಂತ ಎತ್ತರದ ಜಿಂಕೆ ಅದು. ಬೆಳಗ್ಗೆ ಹೊಳೆಯಾಚೆಯ ಕಾಡಿನಲ್ಲಿ, ಮಾಮನ ಪಕ್ಕ ನಿಂತು, ಅವಳೇ ಹೊಡೆದದ್ದು. ಅವಳ ಮೊದಲ ಬೇಟೆ. ಕುಣಿಯಬೇಕಿತ್ತು. ಆದರೆ ಅವಳು ಇನ್ನೊಮ್ಮೆ ಆ ವಸಡನ್ನೇ ಸವರಿ ನೋಡಿದಳು. ಹಾಗಾದರೆ ಕ್ಲಾಸಿನ ವಯಾಟ್ ಹೇಳಿದ್ದೇ ನಿಜ.

ಹಿಂದಿನ ದಿನ ಕ್ಲಾಸಿನಲ್ಲಿ, ಪ್ರಾಣಿಗಳ ಹೆಸರು ಎಲ್ಲಿಂದ ಬಂತು ಅಂತ ಒಬ್ಬೊಬ್ಬರೇ ಎದ್ದು ಹೇಳುತ್ತಿದ್ದರು. ವಯಾಟ್ ಎಲ್ಕ್ ಬಗ್ಗೆ ಹೇಳಿದ. ಆ ಹೆಸರು ಹಡಗಿನಲ್ಲಿ ಬಂದದ್ದಂತೆ. ಸಮುದ್ರದಾಚೆ ಮೂಸ್‌ಗೇ ಎಲ್ಕ್ ಅನ್ನುತ್ತಿದ್ದರಂತೆ. ಇಲ್ಲಿಗೆ ಬಂದ ಇಂಗ್ಲಿಷರು ಬೇರೆ ಯಾವುದೋ ದೊಡ್ಡ ಜಿಂಕೆ ಕಂಡು ಅದಕ್ಕೆ ಅಂಟಿಸಿಬಿಟ್ಟರಂತೆ. ಆ ಜಿಂಕೆಗೆ ಇಲ್ಲಿನ ಮೂಲನಿವಾಸಿಗಳಾದ ಶಾನೀ ಜನ ಮೊದಲೇ ವಾಪಿಟಿ ಅನ್ನುತ್ತಿದ್ದರು, ಅಂದರೆ ಬಿಳಿ ಅಂಡಿನದು, ಅಂತ ಟೀಚರ್ ಸೇರಿಸಿದಾಗ ಇಡೀ ಕ್ಲಾಸು ನಕ್ಕಿತು.

ಆಮೇಲೆ ಮಾಲಿಯಾನ್ ಎದ್ದಳು. ಮೂಸ್ ಅನ್ನುವುದು ನಮ್ಮ ಕಡೆಯ ಮೂಲನಿವಾಸಿ ಜನರ ಮಾತಿನಿಂದ ಬಂದದ್ದು, ತೊಗಟೆ ಸುಲಿಯೋನು ಅಂತ ಅದರ ಅರ್ಥ, ನಮ್ಮಜ್ಜಿ ಹೇಳಿದ್ದು ಅಂದಳು.

"ಮೇಲೆ ಮುಂದಿನ ಹಲ್ಲೇ ಇಲ್ದೆ ಹೆಂಗೆ ಸುಲಿಯತ್ತೆ?" ಅಂದ ವಯಾಟ್. ಅವರ ಮನೆಯ ಶೆಡ್ಡಿನಲ್ಲಿ ಮೂಸ್ ತಲೆಬುರುಡೆ ಇತ್ತು. "ನಿಮ್ಮಜ್ಜಿ ರೀಲು ಬಿಟ್ಟಿದಾರೆ."

ಸೋಮವಾರ ಹೆಸರಿನ ಅರ್ಥ ಬರೆದ ಕಾರ್ಡುಗಳನ್ನು ಗೋಡೆಗೆ ಹಚ್ಚುತ್ತೇವೆ, ಅಷ್ಟರೊಳಗೆ ಇಬ್ಬರೂ ಸರಿಯಾಗಿ ತಿಳಿದುಕೊಂಡು ಬನ್ನಿ ಅಂದಿದ್ದರು ಟೀಚರ್.

ಅಜ್ಜಿಯನ್ನು ಕೇಳಲು ಮಾಲಿಯಾನ್‌ಗೆ ಧೈರ್ಯ ಬರಲಿಲ್ಲ. ಹೊಳೆಯ ಒಂದೊಂದು ತಿರುವಿನ ಹೆಸರೂ ಅಜ್ಜಿಯೇ ಹೇಳಿಕೊಟ್ಟದ್ದು. ಇದು ಸುಳ್ಳಾದರೆ ಅವೆಲ್ಲ?

ಅಜ್ಜಿ ಮೆಟ್ಟಿಲ ಮೇಲೆ ಕೂತು ಸೇಬು ತಿನ್ನುತ್ತಿದ್ದಳು. ಮೇಲಿನ ಕಟ್ಟುಹಲ್ಲು ನೋಯುತ್ತದೆ ಅಂತ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡಿದ್ದಳು. ಮಾಂಸ ಕತ್ತರಿಸುವ ಹೊತ್ತಿಗೆ ಹೀಗೆ ಮುಖ ಊದಿಸಿಕೊಂಡ ಬೇಟೆಗಾರ್ತಿಯನ್ನು ತಾನು ಕಂಡೇ ಇಲ್ಲ ಅಂತ ಗೊಣಗಿದಳು. ಆಮೇಲೆ ಕೆಳಹಲ್ಲನ್ನು ಸೇಬಿಗೆ ಊರಿ, ತಲೆ ಮೇಲೆತ್ತಿದಳು. ಸರ್ರಂತ ಸಿಪ್ಪೆ ಎದ್ದು ಬಂತು.

ಮಾಲಿಯಾನ್ ಕಣ್ಣು ಮಿಟುಕಿಸಲಿಲ್ಲ.

"ಏನು ಹಂಗೆ ನೋಡ್ತೀಯ? ಬೊಚ್ಚುಬಾಯಿ ಮುದುಕೀನ ನೋಡಿಲ್ವಾ?"

ಮಾಲಿಯಾನ್ ಹಿತ್ತಲಿಗೆ ಓಡಿದಳು. ಅಲ್ಲೊಂದು ಎಳೆಯ ಮೇಪಲ್ ಮರ. ಮೇಲಿನ ಹಲ್ಲು ತಾಗದ ಹಾಗೆ ತುಟಿಯನ್ನು ಅದರ ಮೇಲೆ ಮಡಚಿ, ಕೆಳಹಲ್ಲನ್ನು ಕಾಂಡಕ್ಕೆ ಊರಿ, ಕತ್ತು ಮೇಲಕ್ಕೆಳೆದಳು. ಮೊದಲು ಜಾರಿತು. ಮತ್ತೆ ಎಳೆದಳು. ಹಸಿರು ತೊಗಟೆ ಉದ್ದಕ್ಕೆ ಕಿತ್ತು ಬಂದು ಗಲ್ಲಕ್ಕೆ ಬಡಿಯಿತು.

ಬಾಯೆಲ್ಲ ಕಹಿ. ಆದರೂ ಅವಳು ಹಲ್ಲು ಕಿರಿದು ನಿಂತಿದ್ದಳು.

ಸಂಜೆಯವರೆಗೂ ಮಾಂಸ ಹಂಚುವ ಕೆಲಸ. ಮೊದಲ ಬೇಟೆಯನ್ನು ಹೊಡೆದವರು ತಿನ್ನುವ ಹಾಗಿಲ್ಲ, ಎಲ್ಲ ಕೊಟ್ಟುಬಿಡಬೇಕು. ಹೊಳೆಯ ನಡುವಿನ ತಮ್ಮ ದ್ವೀಪದ ಮನೆಮನೆಗೂ ಪೊಟ್ಟಣ ಹೋಯಿತು. ಕೊನೆಗೊಂದು ಉಳಿಯಿತು. ಅದು ಯಾರಿಗೆ ಅಂತ ಅಜ್ಜಿ ಕೇಳಿದಳು.

"ಸೇತುವೆಯಾಚೆ ಒಬ್ಬನಿದಾನೆ. ಕ್ಲಾಸಲ್ಲಿ ಜಗಳ ಆಡಿದ್ದ."

"ಹಂಗಾದ್ರೆ ಇದು ಚಿಕ್ಕದಾಯ್ತು," ಅಂತ ಅಜ್ಜಿ ಇನ್ನೊಂದು ತುಂಡು ಸೇರಿಸಿದಳು.

ಬಾಗಿಲು ತೆರೆದ ವಯಾಟ್ ಪೊಟ್ಟಣ ನೋಡಿ ಕಕ್ಕಾಬಿಕ್ಕಿಯಾದ. ಅವನು ಏನನ್ನಾದರೂ ಕೇಳುವ ಮೊದಲೇ ಮಾಲಿಯಾನ್ ಅವನನ್ನು ಅಂಗಳದ ಮೇಪಲ್ ಮರದ ಹತ್ತಿರ ಕರೆದೊಯ್ದು ಸುಲಿದು ತೋರಿಸಿದಳು. ಅವನೂ ತುಟಿ ಮಡಚಿ ಪ್ರಯತ್ನಿಸಿದ. ಮೂರನೆಯ ಸಲಕ್ಕೆ ಬಂತು.

"ಥೂ, ಏನು ಕಹಿ," ಅಂತ ಉಗಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕಾಂಡದ ಮೇಲೆ ಎರಡು ಬಿಳಿ ಗೆರೆ, ಅಕ್ಕಪಕ್ಕ. ಮಾಲಿಯಾನ್ ಅವುಗಳನ್ನೇ ನೋಡಿದಳು. ತೊಗಟೆ ಸುಲಿಯೋನು ಅಂತ ಹೆಸರಿಟ್ಟವರು ಯಾರೋ ಮರದ ಮರೆಯಲ್ಲಿ ನಿಂತಿರಬೇಕು. ಗಾಳಿ ತಮ್ಮ ಕಡೆ ಬೀಸುವ ಹಾಗೆ, ಕೆಮ್ಮದೆ, ಕಾಲು ಜೋಮು ಹಿಡಿದರೂ ಅಲುಗದೆ. ಮೂಸ್ ತಿಂದು ಮುಗಿಸುವವರೆಗೂ.

ವಯಾಟ್ ತುಟಿ ಒರೆಸಿಕೊಂಡ. ಟೀಚರ್ ಮುಂದೆ ಮರ್ಯಾದೆ ಹೋಗುತ್ತಲ್ಲ ಅನ್ನುವುದು ಅವನ ಯೋಚನೆ.

"ಒಂದ್ ಕೆಲ್ಸ ಮಾಡು. ನಿನ್ನ ಕಾರ್ಡಲ್ಲಿ 'ಅಂತ ಕೆಲವರು ಹೇಳ್ತಾರೆ' ಅಂತ ಸೇರಿಸ್ಬಿಡು. ನಾನೂ ಸೋತಂಗಾಗಲ್ಲ, ನೀನೂ ಸೋತಂಗಾಗಲ್ಲ. ಸರಿನಾ?"

"ಸೇರಿಸಲ್ಲ," ಅಂದಳು ಮಾಲಿಯಾನ್.