ತೋಳು ಹೊಲಿದ ಕೋಟು

"ಕೋಟು ನೋಡ್ರಿ, ಮುಟ್ರಿ, ಫೋಟೋ ತಗೀರಿ. ತೋಳಿನ ಹೊಲಿಗಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ ಸರ, ಬಿಚ್ಚಿದ್ರ ಅದರ ಕೈ ಏಳತಾವು," ಎಂದರು ದುರಗವ್ವ.

ಶಿವಯೋಗೀಶ ಅವರ ಮುಖಕ್ಕೇ ನಕ್ಕ. ಹಳೆಯ ಜರ್ಮನ್ ಸೈನಿಕರ ಸಮವಸ್ತ್ರ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಿ, ಸಂಗ್ರಾಹಕರಿಗೆ ಅದರ ಬೆಲೆ ಹೇಳುವುದು ಅವನ ಕಸುಬು. ಮನೆಮಾತು ಈ ಕಡೆಯದೇ ಆದರೂ ಪುಣೆಯಲ್ಲಿ ಬೆಳೆದವನು. ಧಾರವಾಡಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಈ ಸೀಮೆಯ ಜನರೆಲ್ಲ ದಡ್ಡರೆಂದು ತೀರ್ಪು ಕೊಟ್ಟಾಗಿತ್ತು. ಹುಬ್ಬಳ್ಳಿಯ ಗೋಪನಕೊಪ್ಪದ ಈ ಮನೆಯ ಕಪಾಟಿನ ತುಂಬ ಪುಸ್ತಕ, ಮನೆಯೊಡತಿ ನಿವೃತ್ತ ಶಿಕ್ಷಕಿ. ಓದಿದವರ ಹಣೆಬರಹವೂ ಇಷ್ಟೇ ಎಂದು ಅವನ ತಾತ್ಸಾರ ಇನ್ನಷ್ಟು ಏರಿತು.

"ವಿಜ್ಞಾನ ಕಲಿಸಿದವ್ರಂತ ನೀವು. ನಿಮ್ಮ ಬಾಯಾಗ ಈ ಮಾತೇನ್ರಿ ಅಕ್ಕೋರ?"

"ನಾ ನಂಬಿದಾಕಿ ಅಲ್ರಿ, ನೋಡಿದಾಕಿ." ದುರಗವ್ವ ಕೋಟಿನ ಕಡೆ ನೋಡದೆಯೇ ಮಾತಾಡಿದರು. "ನಮ್ಮ ಮಾವ ಗಿರಿಯಪ್ಪ ಪಲ್ಟನ್‌ದಾಗ ಇದ್ರು. ಇಟಲಿಯೊಳಗ, ಹಿಮದಾಗ ಗುಂಡು ತಿಂದು ಬಿದ್ದಾಂವನ ಮೈಮ್ಯಾಲಿಂದ ಇದನ್ನ ಬಿಡಿಸಿಕೊಂಡು ಬಂದ್ರು. ಅಂವ ಇನ್ನೂ ಸತ್ತಿದ್ದಿಲ್ಲ. ಎರಡೂ ಕೈಲೆ ಗಟ್ಟಿ ಹಿಡಕೊಂಡಿದ್ನಂತ. ಊರಿಗೆ ಬಂದ ಮ್ಯಾಲೂ ಆ ಕೈ ಬಿಡಲಿಲ್ಲ. ಬಾಜೂಕಿನ ಸುಳ್ಳ ಊರಿಂದ ಮಂತ್ರಗಾರನ್ನ ಕರಸಿ, ತೋಳು ಹೊಲಿಸಿ ಆ ಕೈ ಕಟ್ಟಿಸಿದ್ರು. ನೂಲು ಸವದಾಗೆಲ್ಲ ಮನಿ ಹೆಣ್ಮಕ್ಕಳು ಉಸಿರು ಬಿಗಿ ಹಿಡಿದು ಹೊಸಾದು ಹಾಕಬೇಕು. ಈಗ ನನ್ನ ಕಣ್ಣು ಮಂಜಾಗ್ಯಾವು, ಮಗಳ ಮ್ಯಾಲೆ ಈ ಭಾರ ಹೊರಸೂದು ಬ್ಯಾಡ. ಹೊಲಿದದ್ದನ್ನ ಹಂಗ ಇಟಗೊಳ್ಳಾವ್ರು ಯಾರರ ಇದ್ರ ಒಯ್ಯಲಿ."

ಮಗಳು ಕರುಣಾ ಬಾಗಿಲಲ್ಲಿ ನಿಂತಿದ್ದಳು. ಕೋಟಿನ ಚಿತ್ರವನ್ನು ಮೊಬೈಲಿನ ಸಂಗ್ರಾಹಕರ ಗುಂಪಿಗೆ ಹಾಕಿದವಳು ಅವಳೇ. ಈಗ ತಪ್ಪು ಮಾಡಿದೆನೆಂಬಂತೆ ಉಗುರು ಕಚ್ಚುತ್ತಿದ್ದಳು.

ಶಿವಯೋಗೀಶನಿಗೆ ಮುದುಕಿಯ ಕತೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಹೋದ ಮಾನ. ಅವನು ಎದೆ ತಟ್ಟಿ ಅಸಲಿ ಎಂದಿದ್ದ ಕೋಟೊಂದು ನಕಲಿಯೆಂದು ಬಯಲಾಗಿತ್ತು. ತೋಳಿನ ಒಳ ಅಸ್ತರನ್ನು ನೋಡುವ ಗೋಜಿಗೆ ಅವನು ಹೋಗಿರಲಿಲ್ಲ, ಅಲ್ಲೇ ಎಡವಿದ್ದ. ದೊಡ್ಡ ಸಂಗ್ರಾಹಕ ಬಿಂದುಮಾಧವ ಎಲ್ಲರೆದುರು "ಈತಗ ಕಣ್ಣ ಇಲ್ಲ" ಎಂದಿದ್ದ. ಅಂದಿನಿಂದ ಒಬ್ಬರೂ ಇವನನ್ನು ಕರೆದಿರಲಿಲ್ಲ. ಇದೊಂದು ಅಸಲಿಯಾಗಿಬಿಟ್ಟರೆ ಆ ಬಿಂದುಮಾಧವನೇ ಬಾಗಿಲಿಗೆ ಬರಬೇಕು.

"ಕೋಣಿ ಕತ್ತಲಿರಬೇಕು. ನೀವಿಬ್ರೂ ಹೊರಗ ಇರ್ರಿ," ಎಂದು ಬಾಗಿಲು ಹಾಕಿ ಚಿಲಕ ಜಡಿದ.

ಏಪ್ರಿಲ್ಲಿನ ನಡುಮಧ್ಯಾಹ್ನ. ಕಿಟಕಿಗೆ ಕಂಬಳಿ ಬಿಗಿದ ಮೇಲೆ ಕೋಣೆ ಕಾಳು ತುಂಬುವ ನೆಲದಡಿಯ ಹಗೇವಿನಂತೆ ಕಪ್ಪಾಯಿತು. ನುಸಿಗುಳಿಗೆಯ ಘಾಟು, ಹಳೆಯ ಉಣ್ಣೆಯ ಮುಗ್ಗಲು ವಾಸನೆ. ಹೊರಗೆ ಯಾರದೋ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಮೇಜಿನ ಮೇಲೆ ಕೋಟು ಅಂಗಾತ ಬಿದ್ದಿತ್ತು. ಹಸಿರು ಬೆರೆತ ಬೂದುಬಣ್ಣ, ಬಲ ಎದೆಗೆ ರೆಕ್ಕೆ ಚಾಚಿದ ಹದ್ದು, ತರಿತರಿ ಮೈಯ ಗುಂಡಿಗಳು. ಎರಡೂ ತೋಳುಗಳನ್ನು ಪಕ್ಕೆಗೆ ಸೇರಿಸಿ ದಪ್ಪ ಕರಿನೂಲಿನಿಂದ ಹೊಲಿದಿದ್ದರು, ಕಳ್ಳನ ಕೈ ಕಟ್ಟಿದಂತೆ.

"ಇಂಥ ಮಾಲಿಗೆ ಚೀಲದ ಹೊಲಿಗಿ ಹಾಕ್ಯಾರ, ಕತ್ತೆಗೋಳು," ಎಂದು ಬೈದು ಬ್ಲೇಡು ತೆಗೆದ.

ಎಡತೋಳಿನ ನೂಲು ಪಟಪಟ ಹರಿಯಿತು. ಬಲತೋಳಿನದೂ ಹರಿಯಿತು. ಏನೂ ಆಗಲಿಲ್ಲ. ಆಗುವುದೇನು ಮಣ್ಣು! ತೋಳುಗಳನ್ನು ಒಳಗುಹೊರಗು ಮಾಡಿ ನೇರಳೆ ಬೆಳಕಿನ ಟಾರ್ಚು ಹೊತ್ತಿಸಿದ. ಈ ಬೆಳಕಿನಲ್ಲಿ ಹೊಸ ನೂಲಾದರೆ ನೀಲಿಯಾಗಿ ಹೊಳೆಯುತ್ತದೆ, ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆಯೂ ಹೊಳೆಯುತ್ತದೆ. ಹಳೆಯ ನೂಲು ಸತ್ತಂತೆ ಕಪ್ಪಾಗಿರುತ್ತದೆ. ಅಸ್ತರು ಕಪ್ಪು. ಅಂಚು ಕಪ್ಪು. ಒಂದೆಳೆಯೂ ಹೊಳೆಯಲಿಲ್ಲ.

ಅಸಲಿ! ತೋಳುಗಳನ್ನು ಸರಿಮಾಡಿ ಕೋಟನ್ನು ಮೇಜಿನ ಮೇಲಿಟ್ಟ. ಟಾರ್ಚನ್ನು ಎದುರಿನ ಮಂಚಕ್ಕೆ ಒರಗಿಸಿ, ಫೋಟೋ ತೆಗೆಯಲೆಂದು ಅಲ್ಲೇ ಇದ್ದ ಮೊಬೈಲಿಗೆ ಬಗ್ಗಿದ. ಮೇಜು ಅವನ ಬೆನ್ನ ಹಿಂದಿತ್ತು. ಬೆಳಕು ಅವನ ಮೈಮೇಲೆ ಬಿದ್ದು, ತೊಟ್ಟಿದ್ದ ಬಿಳಿ ಅಂಗಿ ನೀಲಿಯಾಗಿ ಬೆಳಗಿತು.

ಒದ್ದೆ ಉಣ್ಣೆ ನಾರಿತು. ಬಾಯಿಂದ ಹೊಗೆಯಂತೆ ಉಸಿರು ಹೊರಟಿತು. ಹುಬ್ಬಳ್ಳಿಯ ಬೇಸಿಗೆಯಲ್ಲಿ ಹಲ್ಲು ಕಟಕಟ ಕುಟ್ಟಿದವು.

ಅಂಗಿಯ ಮೇಲೊಂದು ಕಪ್ಪು ಪಟ್ಟಿ ಕಂಡಿತು.

ನೆರಳೆಂದುಕೊಂಡ. ಕೈಯಿಂದ ಒರೆಸಿದ. ಕೈಗೆ ಉಣ್ಣೆ ತಗಲಿತು. ಇನ್ನೊಂದು ಪಟ್ಟಿ ಎಡಗಡೆಯಿಂದ ಬಂತು. ಎರಡೂ ಬೆನ್ನ ಹಿಂದಿನಿಂದ. ಎರಡೂ ಎದೆಯ ಮೇಲೆ. ತಬ್ಬಿಕೊಂಡವು. ಅವನು ಓಡಿದ. ಕಾಲೇಳಲಿಲ್ಲ. ತೋಳುಗಳು ಅವನ ಕೈಗಳನ್ನು ಹಿಂದಕ್ಕೆ ಜಗ್ಗಿ ನುಂಗಿದವು. ಮೊದಲು ಬೆರಳು. ಆಮೇಲೆ ಮೊಣಕೈ. ಕೆಳಗಿನ ಗುಂಡಿ ತಾನಾಗಿ ಕಾಜದೊಳಗೆ ಬಿತ್ತು. ಅದರ ಮೇಲಿನದು ಬಿತ್ತು. ನೀಲಿ ಬೆಳಕು ಕಿರಿದಾಯಿತು. ಗುಂಡಿಗೊಂದು ಗೇಣು ಕತ್ತಲೆ ಏರಿತು. ಕೊರಳ ಕೊಂಡಿ ಕಟ್ಟೆಂದಿತು. ಅಂಗಿ ಪೂರಾ ಆರಿಹೋಯಿತು. ಶಿವಯೋಗೀಶ ಕಿರಿಚಿಕೊಂಡ.

ಕರುಣಾ ಬಾಗಿಲು ಒದ್ದಳು. ಚಿಲಕ ಕಿತ್ತು ಬಂತು. ಹೊರಗಿನ ಬೆಳಕು ಒಳಗೆ ನುಗ್ಗಿತು. ಕೋಟು ತೊಟ್ಟ ಶಿವಯೋಗೀಶ ನೆಲದ ಮೇಲೆ ಹೊರಳಾಡುತ್ತಿದ್ದ, ಅವನ ಕೈಗಳೇ ಅವನ ಕುತ್ತಿಗೆ ಹಿಸುಕುತ್ತಿದ್ದವು.

"ಕತ್ತರಿ! ಹರೀರಿ ಇದನ್ನ! ಹರೀರಿ!" ಎಂದು ಅವನು ಒರಲಿದ.

ಅವಳು ಕತ್ತರಿ ತಂದು ಕೋಟಿನ ಅಂಚಿಗೆ ಹಾಕಿದಳು. ಅವನು ಸುಟ್ಟವನಂತೆ ಚೀರಿದ. ಕತ್ತರಿಸಿದ ಉಣ್ಣೆಯಿಂದ ರಕ್ತ ಒಸರಿತು, ಬೆಚ್ಚಗಿನ, ಅವನದೇ ರಕ್ತ. ಸಮವಸ್ತ್ರದ ಒಂದೊಂದು ಹೊಲಿಗೆಯನ್ನೂ ಬಾಯಿಪಾಠ ಬಲ್ಲವನಿಗೆ ಈಗ ಬಟ್ಟೆ ಎಲ್ಲಿ ಮುಗಿದು ತೊಗಲು ಎಲ್ಲಿ ಶುರುವಾಗುತ್ತದೆಂದು ತಿಳಿಯದಾಯಿತು.

ದುರಗವ್ವ ಆಗಲೇ ಕರಿನೂಲು ಪೋಣಿಸುತ್ತಿದ್ದರು. "ಅದರ ಕೈ ಕಟ್ಟಬೇಕ್ರಿ ಸರ. ನಿಮ್ಮ ಕೈ ಅದರಾಗ ಅದಾವು. ಮತ್ತ ಬಿಚ್ಚೂದು ನನಗ ಗೊತ್ತಿಲ್ಲ. ಇದನ್ನ ತೊಟ್ಟಾಂವ ಹಿಂದ ಯಾಂವೂ ಉಳಿದಿಲ್ಲ."

ಇಂಥ ಹೊತ್ತಿನಲ್ಲೂ ಮುದುಕಿಯ ಮಾತು ಒಪ್ಪಲು ಮನಸ್ಸಾಗದೆ ಅವನು ಒಂದು ಗಳಿಗೆ ಮುಖ ತಿರುಗಿಸಿದ. ಬೆರಳುಗಳು ಗಂಟಲಿಗೆ ಇನ್ನಷ್ಟು ಇಳಿದವು.

"ಹೊಲೀರಿ," ಎಂದ. "ಹೊಲೀರಿ ಅವ್ವಾ, ಲಗೂ ಹೊಲೀರಿ!"

ಕರುಣಾ ಅವನ ಕೈಗಳನ್ನು ಮೈಭಾರವೆಲ್ಲ ಹಾಕಿ ಪಕ್ಕೆಗೆ ಒತ್ತಿ ಹಿಡಿದಳು. ದುರಗವ್ವ ಉಸಿರು ಬಿಗಿಹಿಡಿದು ಸೂಜಿ ಚುಚ್ಚಿದರು. ಪ್ರತಿ ಚುಚ್ಚಿಗೂ ಅವನು ಹಲ್ಲು ಕಚ್ಚಿದ. ಮುಂಗೈ ನಿಂತಿತು. ಮೊಣಕೈ ನಿಂತಿತು. ಕೊನೆಯ ಗಂಟು ಬಿದ್ದಾಗ ಕೋಟು ಅವನ ಮೈಮೇಲೆ ತಣ್ಣಗೆ ಸುಮ್ಮನಾಯಿತು. ಅವನನ್ನು ಗೋಡೆಗೆ ಒರಗಿಸಿ ಕೂರಿಸಿದರು.

"ಡಾಕ್ಟರನ್ನ ಕರೀತೇನ್ರಿ," ಎಂದಳು ಕರುಣಾ, ಅಳುತ್ತ.

"ಬ್ಯಾಡ್ರಿ, ಯಾರೂ ಬ್ಯಾಡ. ಅವ್ರು ಬಂದ್ರ ಮೊದಲ ಕತ್ತರಿ ಹಾಕತಾರ," ಎಂದ ಶಿವಯೋಗೀಶ.

ಅವನು ಕತ್ತು ಬಗ್ಗಿಸಿ ತನ್ನ ಎಡತೋಳನ್ನು ಪರೀಕ್ಷಿಸಿದ. ಮುದುಕಿಯ ಮಂಜುಗಣ್ಣಿಗೆ ತಪ್ಪಿದ್ದು ಅವನ ಕಣ್ಣಿಗೆ ತಪ್ಪಲಿಲ್ಲ. ಚಳಿಗೆ ಅವನ ದನಿ ನಡುಗುತ್ತಿತ್ತು.

"ಅಕ್ಕೋರ, ಮೊಣಕೈ ಕೆಳಗ ಒಂದು ಹೊಲಿಗಿ ಸಡಿಲ ಐತ್ರಿ. ನಿಮ್ಮ ಕಾಲಿಗೆ ಬೀಳತೇನಿ, ಅದನ್ನೊಂದು ಬಿಗಿ ಮಾಡ್ರಿ."