ಒತ್ತಿದರೆ ತೆಳುವಾಗುವ ಗೆರೆ

ಸುಂದರಮ್ಮ ಕೂತ ಕುರ್ಚಿಯಲ್ಲೇ ಸತ್ತಿದ್ದರು. ತಲೆ ಮೇಜಿಗೆ ವಾಲಿತ್ತು. ಪಕ್ಕದಲ್ಲಿ ಅರ್ಧ ಕುಡಿದ ಕಾಫಿ ಲೋಟ. ಎದುರಿಗೆ ಕಂಪ್ಯೂಟರ್ ಇನ್ನೂ ಚಾಲೂ ಇತ್ತು. ಪರದೆಯ ಬಿಳಿ ಹಾಳೆಯ ಮೇಲೆ ಕೈಬರಹದ ಒಂದೇ ಸಾಲು: 'ನನ್ನ ಸಾವಿಗೆ ಯಾರೂ ಕಾರಣರಲ್ಲ.'

ಸಬ್ ಇನ್ಸ್‌ಪೆಕ್ಟರ್ ರಂಗನಾಯಕಿ ಆ ಸಾಲನ್ನು ಮೂರು ಸಲ ಓದಿದಳು. ದಪ್ಪ ದಪ್ಪ ಅಕ್ಷರ. ಸುಳಿಗಳೆಲ್ಲ ಮುಚ್ಚಿಹೋಗಿದ್ದವು.

"ಇದನ್ನ ಯಾವುದರಲ್ಲಿ ಬರೆದಿದಾರೆ?"

ಕಾನ್‌ಸ್ಟೆಬಲ್ ಮುನಿರಾಜು ಮೇಜಿನ ಮೇಲಿದ್ದ ಸ್ಲೇಟಿನಂಥ ಹಲಗೆ ತೋರಿಸಿದ. "ಇದರ ಮೇಲೆ ಈ ಪೆನ್ನಲ್ಲಿ ಬರೆದ್ರೆ ಕಂಪ್ಯೂಟರ್‌ನಲ್ಲಿ ಮೂಡುತ್ತೆ ಮೇಡಂ. ಅಜ್ಜಿ ರಂಗೋಲಿ ಡಿಸೈನ್ ಮಾಡ್ತಿದ್ರಂತೆ. ಮದುವೆ ಕಾರ್ಡಿಗೆ, ಪುಸ್ತಕಕ್ಕೆ."

ಅರವತ್ತೆರಡು ವರ್ಷ. ಒಂಟಿ ಜೀವ. ಚಾಮರಾಜಪೇಟೆಯ ಈ ವಠಾರದಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ಕಾಫಿಯಲ್ಲಿ ನಿದ್ದೆ ಮಾತ್ರೆ ಇತ್ತೆಂದು ಮಾರನೇ ದಿನ ವರದಿ ಬಂತು. ಸತ್ತದ್ದು ಸೋಮವಾರ ಸಂಜೆ ಏಳರಿಂದ ಒಂಬತ್ತರೊಳಗೆ.

"ಆತ್ಮಹತ್ಯೆ ಅಂತ ಬರೆದು ಮುಗಿಸಮ್ಮ," ಅಂದರು ಇನ್ಸ್‌ಪೆಕ್ಟರ್.

ರಂಗನಾಯಕಿಗೆ ಅದು ಒಪ್ಪಿಗೆಯಾಗಲಿಲ್ಲ. ಸಾಯಬೇಕೆಂದವರು ಕಾಫಿಯನ್ನು ಅರ್ಧಕ್ಕೆ ಬಿಡುತ್ತಾರೆಯೇ? ಆ ಮನೆಯಲ್ಲಿ ಮಾತ್ರೆಯ ಒಂದು ಖಾಲಿ ಪಟ್ಟಿಯೂ ಸಿಕ್ಕಿರಲಿಲ್ಲ.

*

ಎದುರಿಗೆ ತರಕಾರಿ ಮಾರುವ ಅಂಜನಮ್ಮ ತಾನಾಗಿಯೇ ಬಾಯಿಬಿಟ್ಟಳು.

"ಮಹಡಿ ಮೇಲಿನ ರಮ್ಯಾನ ಕೇಳಿ. ಸೋಮವಾರ ಮಧ್ಯಾಹ್ನ ಇಬ್ರೂ ಬೀದಿಗೆ ಕೇಳೋ ಹಂಗೆ ಕಿತ್ತಾಡಿದ್ರು."

ರಮ್ಯಾ ಚಿತ್ರಕಲಾ ವಿದ್ಯಾರ್ಥಿನಿ. ಹೆಣ ಮೊದಲು ನೋಡಿದ್ದೂ ಅವಳೇ. ಸುಂದರಮ್ಮನ ಮನೆಯ ಇನ್ನೊಂದು ಕೀಲಿಯೂ ಅವಳ ಹತ್ತಿರವೇ ಇತ್ತು.

"ಏನಕ್ಕೆ ಜಗಳ?"

"ಆಂಟಿ ಡಿಸೈನ್‌ಗಳನ್ನ ಕಾಟನ್‌ಪೇಟೆ ಪ್ರೆಸ್ಸಿನ ವೆಂಕಟಾಚಲ ಅವರೇ ತಗೊಂಡು ಹೋಗ್ತಿದ್ದಿದ್ದು. ಎಲ್ಲೂ ಇವರ ಹೆಸರು ಹಾಕಲ್ಲ. ಕೇಳಿ ಅಂದೆ. ಕಂಪ್ಯೂಟರ್ ಕೊಡಿಸಿದ ಮನುಷ್ಯನ್ನ ಹೆಂಗೆ ಕೇಳ್ಲಿ ಅಂದ್ರು. ನಂಗೆ ತಡೀಲಿಲ್ಲ, ಕೂಗಾಡ್ಬಿಟ್ಟೆ."

"ಸಂಜೆ ಎಲ್ಲಿದ್ದೆ?"

"ಮೇಲೆ. ಒಬ್ಳೇ."

ಕೀಲಿ ಇದೆ, ಜಗಳ ಆಗಿದೆ, ಸಾಕ್ಷಿ ಇಲ್ಲ. ಮುನಿರಾಜು ಆಗಲೇ ತೀರ್ಮಾನ ಮಾಡಿದ ಮುಖದಲ್ಲಿದ್ದ.

*

ಪ್ರೆಸ್ಸಿನಲ್ಲಿ ವೆಂಕಟಾಚಲ ಕಣ್ಣೊರೆಸಿಕೊಂಡ. ಐವತ್ತರ ಆಸುಪಾಸು, ಇಸ್ತ್ರಿ ಹಾಕಿದ ಬಿಳಿ ಷರಟು.

"ಪಾಪ, ಒಳ್ಳೆ ಹೆಂಗಸು. ಅವರ ಮನೆ ಹಲಗೆ ಮೇಲೆ ನಾನು ಡಿಸೈನ್ ಬಿಡಿಸಿ ಕೊಡ್ತಿದ್ದೆ, ಅವರು ಬಣ್ಣ ತುಂಬೋರು. ಆ ಮನೆಗೆ ಹೋಗಿ ಹದಿನೈದು ದಿನದ ಮೇಲಾಯ್ತು ಮೇಡಂ."

ಗೋಡೆಯ ಮೇಲೆ ಹೊಸ ಪುಸ್ತಕದ ರಕ್ಷಾಪುಟ ತೂಗುತ್ತಿತ್ತು. ನೂರೆಂಟು ರಂಗೋಲಿಗಳು. ಕೆಳಗೆ ಒಂದೇ ಹೆಸರು, ವೆಂಕಟಾಚಲನದು. ಆ ಸಣ್ಣ ಸಣ್ಣ ಎಳೆಗಳನ್ನು ನೋಡಿ ರಂಗನಾಯಕಿಗೆ ಪರದೆಯ ಮೇಲಿನ ದಪ್ಪ ಅಕ್ಷರ ನೆನಪಾಗಿ ಹೊರಗೆ ಬಂದಳು. ಜೀಪಿನಲ್ಲಿ ಒಂದು ನಿಮಿಷವೂ ಕೂರದೆ ಇಳಿದು, ಸುಂದರಮ್ಮನ ಮನೆಗೆ ನಡೆದೇ ಹೋದಳು.

*

ಆ ಹಲಗೆಯಲ್ಲಿ ಹೇಗೆ ಬರೆಯುತ್ತಾರೆಂದು ನೋಡಬೇಕಿತ್ತು. ರಮ್ಯಾಳನ್ನು ಕರೆಸಿದಳು. ಗೀರು ಬಿದ್ದೀತೆಂದು ಹೆದರಿ, ರಂಗನಾಯಕಿ ಪೆನ್ನನ್ನು ಮೆಲ್ಲಗೆ ತಾಗಿಸಿ ತನ್ನ ಹೆಸರು ಬರೆದಳು. ಪರದೆಯ ಮೇಲೆ ಅಕ್ಷರಗಳು ಊದಿಕೊಂಡು ಒಂದಕ್ಕೊಂದು ಅಂಟಿಕೊಂಡವು.

"ಒತ್ತಿ ಬರೀರಿ ಮೇಡಂ," ಅಂದಳು ರಮ್ಯಾ. "ಆಂಟಿ ಬ್ರಷ್ ಉಲ್ಟಾ."

"ಉಲ್ಟಾ ಅಂದ್ರೆ?"

"ಈ ಪೆನ್ನಿನ ಗೆರೆಗೆ ಬ್ರಷ್ ಅಂತೀವಿ. ಎಲ್ಲರದ್ದೂ ಒತ್ತಿದಷ್ಟು ದಪ್ಪ ಆಗುತ್ತೆ. ಆಂಟಿಗೆ ಅದು ಒಗ್ಗಲೇ ಇಲ್ಲ. ರಂಗೋಲಿ ಹಾಕ್ವಾಗ ಬೆರಳು ಬಿಗಿ ಹಿಡಿದ್ರೆ ಪುಡಿ ಕಮ್ಮಿ ಬೀಳುತ್ತೆ, ಎಳೆ ಸಣ್ಣ ಆಗುತ್ತೆ. ಸಡಿಲ ಬಿಟ್ರೆ ದಪ್ಪ. ಐವತ್ತು ವರ್ಷದ ಅಭ್ಯಾಸ. ಒಂದು ವಾರ ಕೂತು ಇಬ್ರೂ ಸೆಟ್ಟಿಂಗ್ ಬದಲಾಯಿಸಿದ್ವಿ. ಒತ್ತಿದ್ರೆ ತೆಳು, ಬಿಟ್ರೆ ದಪ್ಪ."

"ಇದು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ನಗ್ತಾರೆ, ಹೇಳ್ಬೇಡ ಅಂತಿದ್ರು."

ರಂಗನಾಯಕಿ ಹಳೆಯ ಡಿಸೈನ್‌ಗಳನ್ನು ತೆಗೆಸಿದಳು. ಪ್ರತಿಯೊಂದರ ಮೂಲೆಯಲ್ಲೂ ಸುಂದರಮ್ಮ ಕೈಯಲ್ಲೇ ತಾರೀಖು ಬರೆದಿದ್ದರು. ಕೂದಲಿನಷ್ಟು ತೆಳು ಅಕ್ಷರ. ಮೂರು ಡಜನ್ ನೋಡಿದರೂ ಒಂದರಲ್ಲೂ ಅಕ್ಷರ ದಪ್ಪವಾಗಿರಲಿಲ್ಲ.

"ಮುನಿರಾಜು, ವೆಂಕಟಾಚಲನ ಫೋಟೋ ತಗೊಂಡು ಕಾಟನ್‌ಪೇಟೆ ಮೆಡಿಕಲ್ ಶಾಪುಗಳನ್ನೆಲ್ಲ ಸುತ್ತಿ ಬಾ."

*

ಮರುದಿನ ಬೆಳಿಗ್ಗೆ ವೆಂಕಟಾಚಲ ಸುಂದರಮ್ಮ ಸತ್ತಿದ್ದ ಅದೇ ಕುರ್ಚಿಯಲ್ಲಿ ಕೂತ.

"ನಿಮ್ಮ ಪುಸ್ತಕದ್ದೇ ಒಂದು ರಂಗೋಲಿ ಬಿಡಿಸಿ ತೋರ್ಸಿ," ಅಂದಳು ರಂಗನಾಯಕಿ. "ನೀವೇ ಬಿಡಿಸಿದ್ದಲ್ವಾ?"

"ಅದಕ್ಕೇನು."

ಪೆನ್ನು ಹಿಡಿದ. ಮೊದಲ ಎಳೆ ಹಗ್ಗದಷ್ಟು ದಪ್ಪ ಬಂತು. ಅಳಿಸಿದ. ಇನ್ನೂ ಹಗುರವಾಗಿ ಎಳೆದ. ಇನ್ನೂ ದಪ್ಪವಾಯಿತು.

"ಈ ಬ್ರಷ್ಷೇ ಸರಿಯಿಲ್ಲ ಮೇಡಂ. ಅವತ್ತೂ ಹಿಂಗೇ ದಪ್ಪ ದಪ್ಪ ಬಂತು."

"ಯಾವತ್ತು?"

ಅವನ ಕೈ ಹಲಗೆಯ ಮೇಲೇ ನಿಂತಿತು.

"ಬ್ರಷ್ ಸರಿಯಾಗೇ ಇದೆ," ಅಂದಳು ರಂಗನಾಯಕಿ. "ಸುಂದರಮ್ಮನ ಕೈಗೆ ತಕ್ಕಂತೆ ಮಾಡಿದ್ದು. ಅವರು ಬರೆದಿದ್ರೆ ಆ ಸಾಲು ತೆಳುವಾಗಿರ್ತಿತ್ತು. ರಮ್ಯಾ ಬರೆದಿದ್ರೂ ಅಷ್ಟೇ, ಅವಳಿಗೆ ಗುಟ್ಟು ಗೊತ್ತು. ದಪ್ಪ ಬರೆದಿರೋದು ಈ ಬ್ರಷ್ ಹಿಡಿದೇ ಗೊತ್ತಿಲ್ಲದವರು. ಆದ್ರೆ ನೂರೆಂಟು ಡಿಸೈನ್ ಇದರಲ್ಲೇ ಬಿಡಿಸಿದ್ದು ಅಂತೀರಿ. ಒಂದೆಳೆಯೂ ನಿಮ್ಮದಲ್ಲ. ಸೋಮವಾರ ರಮ್ಯಾ ಕೂಗಾಡಿದ ಮೇಲೆ ಅವರು ಕೊನೆಗೂ ಫೋನ್ ಮಾಡಿ ಕೇಳಿದ್ರು, ಅಲ್ವಾ?"

ಮುನಿರಾಜು ಬಾಗಿಲಲ್ಲಿ ನಿಂತಿದ್ದ. "ಮಾತ್ರೆ ಕೊಟ್ಟ ಅಂಗಡಿಯವನು ಗುರುತು ಹಿಡಿದ ಮೇಡಂ. ಸೋಮವಾರ ಸಂಜೆ ಐದಕ್ಕೆ ತಗೊಂಡು ಹೋಗಿದ್ದನಂತೆ."

ವೆಂಕಟಾಚಲ ಪೆನ್ನು ಕೆಳಗಿಟ್ಟ. "ಹೆಸರು ಹಾಕಿ ಅಂದ್ರು. ಅಷ್ಟೇ ಕೇಳಿದ್ದು," ಅಂದ. "ಎಲ್ಲರ ಹತ್ರ ನಂದೇ ಅಂತ ಹೇಳ್ಕೊಂಡಿದ್ದೆ. ಸನ್ಮಾನನೂ ಆಗಿತ್ತು."

*

ಆ ಪುಸ್ತಕದ ಪ್ರಕಾಶಕರು ರಕ್ಷಾಪುಟ ಬದಲಾಯಿಸಿದರು. ಹಿಂಬದಿಗೆ ಕಲಾವಿದೆಯ ಫೋಟೋ ಬೇಕೆಂದರು. ರಮ್ಯಾ ಮನೆಯೆಲ್ಲ ಹುಡುಕಿದಳು. ಒಂದೂ ಇರಲಿಲ್ಲ.

ಠಾಣೆಗೆ ಬಂದು ಕೇಳಿದಳು. ರಂಗನಾಯಕಿ ಬೀರು ತೆಗೆದು, ಸುಂದರಮ್ಮನ ಪರ್ಸಿನಿಂದ ಮತದಾರರ ಗುರುತಿನ ಚೀಟಿ ಹೊರಗಿಟ್ಟಳು. ಹೆಬ್ಬೆಟ್ಟಿನಷ್ಟು ಚಿತ್ರ. ಕ್ಯಾಮೆರಾ ಕಂಡು ಕಣ್ಣು ಅಗಲ ಮಾಡಿದ ಮುಖ.

"ಇದೇ ಹಾಕ್ತಾರಾ?" ಅಂದಳು ರಮ್ಯಾ.

"ಹಾಕ್ಲಿ," ಅಂದಳು ರಂಗನಾಯಕಿ. "ದೊಡ್ಡದು ಮಾಡಿಸಿ ಹಾಕ್ಲಿ."